ಡೈರಿ ಬರೆದಷ್ಟೂ ನಾನೇ ಕೆಟ್ಟವಳು ಅನ್ನಿಸುತ್ತಿದೆ, ಬಿಟ್ಟುಬಿಡಲಾ?

ಪ್ರಶ್ನೆ: ಮೇಡಂ, ನನಗೆ 36 ವರ್ಷ. ತುಮಕೂರು ಜಿಲ್ಲೆಯ ಒಂದು ತಾಲೂಕು ಕೇಂದ್ರದಲ್ಲಿ ಸಹಕಾರಿ ಬ್ಯಾಂಕೊಂದರಲ್ಲಿ ಕ್ಯಾಷಿಯರ್ ಆಗಿದ್ದೇನೆ. ಮನೆಯಲ್ಲಿ ಯಜಮಾನರು, ಅತ್ತೆ, ಎರಡನೇ ಕ್ಲಾಸಿನ ಮಗ. ಒಂದೂವರೆ ವರ್ಷದ ಹಿಂದೆ ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿ, ನಾನೂ ಆತ್ಮಾವಲೋಕನ ಮಾಡಿಕೊಳ್ಳಬೇಕು ಅಂತ ರಾತ್ರಿ ಡೈರಿ ಬರೆಯಲು ಶುರು ಮಾಡಿದೆ. ಇವತ್ತು ಎಲ್ಲಿ ತಪ್ಪಿದೆ, ಯಾಕೆ ತಪ್ಪಿದೆ, ನಾಳೆ ಹೇಗೆ ಸರಿಹೋಗಲಿ. ಇಷ್ಟೇ ಮೂರು ಪ್ರಶ್ನೆ. ಮೊದಲ ಎರಡು ತಿಂಗಳು ಮನಸ್ಸು ಹಗುರ ಅನ್ನಿಸುತ್ತಿತ್ತು. ಈಗ ಬರೆದು ಮುಗಿಸುವಷ್ಟರಲ್ಲಿ ಅಳು ಬರುತ್ತೆ. ನಿದ್ದೆ ಹತ್ತುವುದು ಒಂದು ಗಂಟೆಗೆ. ಬೆಳಿಗ್ಗೆ ಐದಕ್ಕೆ ಏಳಲೇಬೇಕು, ಅತ್ತೆಗೆ ಶುಗರ್ ಇರುವುದರಿಂದ ಅವರ ತಿಂಡಿ ಬೇರೆ ಆಗಬೇಕು. ಮಗನ ವ್ಯಾನ್ 7:45ಕ್ಕೆ ಬರುತ್ತೆ. ಯಜಮಾನರು ಆರೂವರೆಗೆ ವಾಕಿಂಗ್ ಹೋಗಿ ಎಂಟಕ್ಕೆ ಬರುತ್ತಾರೆ. ನನ್ನ ತಿಂಡಿ ಬ್ಯಾಂಕಿನಲ್ಲೇ, ಹನ್ನೊಂದರ ಹೊತ್ತಿಗೆ. ಇಷ್ಟು ಬರೆದರೂ ನಾನು ಒಂಚೂರೂ ಬದಲಾಗಿಲ್ಲ. ಒಂದು ಪುಟ ನಕಲು ಮಾಡಿದ್ದೇನೆ, ನೋಡಿ:

"ಇವತ್ತೂ ಪುಟ್ಟನ ಮೇಲೆ ಕೂಗಾಡಿದೆ. ಅತ್ತುಕೊಂಡೇ ವ್ಯಾನ್ ಹತ್ತಿದ. ನಾನ್ಯಾಕೆ ಹೀಗೆ? ಅಮ್ಮನೂ ಹೀಗೇ ಇದ್ದಳು, ಹೊಡೆಯುತ್ತಿದ್ದಳು ಕೂಡ. ಅದೇ ಗುಣ ಬಂದಿದೆ. ತಾಳ್ಮೆ ಅನ್ನೋದೇ ಇಲ್ಲ ನನಗೆ. ತಾಯಿ ಆಗೋ ಯೋಗ್ಯತೆ ಇಲ್ಲ. ನಾಳೆಯಿಂದ ಕೂಗಬಾರದು."

ಯಜಮಾನರು "ನೀನು ಎಲ್ಲದಕ್ಕೂ ಜಾಸ್ತಿ ಯೋಚನೆ ಮಾಡ್ತೀಯ, ಬಿಟ್ಹಾಕು" ಅನ್ನುತ್ತಾರೆ. ಬಿಟ್ಟರೆ ನಾನು ಇನ್ನೂ ಕೆಟ್ಟುಹೋಗುತ್ತೇನೇನೋ ಅಂತ ಭಯ. ಬಿಡಲಾ, ಮುಂದುವರಿಸಲಾ? ಮತ್ತೆ, ತುಂಬಿಹೋದ ಮೂರು ಡೈರಿಗಳನ್ನು ಏನು ಮಾಡಲಿ? (ಹೆಸರು ಬೇಡ)

ಉತ್ತರ: ಬರೆದರೆ ಮನಸ್ಸು ಕೆಡುತ್ತೆ, ಬಿಟ್ಟರೆ ನಾನೇ ಕೆಡುತ್ತೇನೆ. ನಿಮ್ಮ ಪತ್ರದಲ್ಲಿ ಈ ಎರಡು ಭಯಗಳು ಒಂದಕ್ಕೊಂದು ಗಂಟು ಹಾಕಿಕೊಂಡಿವೆ. ಆಪ್ತಸಮಾಲೋಚನೆಯ ಕೆಲಸದಲ್ಲಿ ನನಗೆ ಇಪ್ಪತ್ತು ವರ್ಷ ಆಗುತ್ತಾ ಬಂತು. ಕೈಚೀಲದಿಂದ ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟು "ಇದನ್ನ ಓದಿ, ನಾನು ಎಂಥವಳು ಅಂತ ಗೊತ್ತಾಗುತ್ತೆ" ಅನ್ನುವವರು ಈಚೆಗೆ ಜಾಸ್ತಿ ಆಗಿದ್ದಾರೆ. ಓದಿದರೆ ಅವರು ಎಂಥವರು ಅಂತ ಗೊತ್ತಾಗುವುದೇ ಇಲ್ಲ. ಅವರು ಎಷ್ಟು ದಣಿದಿದ್ದಾರೆ ಅನ್ನುವುದು ಮಾತ್ರ ಗೊತ್ತಾಗುತ್ತೆ.

ನಿಮ್ಮ ವಿಷಯದಲ್ಲಿ ಒಂದು ತಮಾಷೆ ನಡೆದಿದೆ. ನಿಮ್ಮ ಡೈರಿಯ ಪುಟವನ್ನೂ ಪತ್ರವನ್ನೂ ಪಕ್ಕಪಕ್ಕ ಇಟ್ಟು ಎರಡು ಸಲ ಓದಿದೆ. ನೀವು ಮಗನ ಮೇಲೆ ಯಾಕೆ ಕೂಗುತ್ತೀರಿ ಅನ್ನುವುದಕ್ಕೆ ಡೈರಿಯಲ್ಲಿ ಒಂದೇ ಒಂದು ಸುಳಿವೂ ಇಲ್ಲ. ಪತ್ರದಲ್ಲಿ ಬೇಕಾದಷ್ಟಿವೆ. ನಾಲ್ಕು ಗಂಟೆ ನಿದ್ದೆ. ಎರಡು ಥರದ ತಿಂಡಿ. ಏಳೂಮುಕ್ಕಾಲಿಗೆ ಗೇಟಿನ ಹತ್ತಿರ ಹಾರ್ನ್. ಹನ್ನೊಂದರವರೆಗೆ ಖಾಲಿ ಹೊಟ್ಟೆ. ಆ ಹೊತ್ತಿಗೆ ಸರಿಯಾಗಿ ಮನೆಯಲ್ಲಿಲ್ಲದ ಇನ್ನೊಂದು ಜೊತೆ ಕೈ. ಇವನ್ನೆಲ್ಲ ಕಾರಣ ಅಂತ ನೀವು ಬರೆದಿಲ್ಲ. ನಾನು ಪರಿಚಯ ಇಲ್ಲದವಳು, ನನಗೆ ಅರ್ಥ ಆಗಲಿ ಅಂತ ಸುಮ್ನೆ ವಿವರ ಕೊಟ್ಟಿದ್ದೀರಿ. ನಿಮಗೆ ನೀವೇ ಬರೆದುಕೊಂಡಾಗ ತೀರ್ಪು ಬಂತು, ಬೇರೆಯವರಿಗೆ ಬರೆದಾಗ ಸಂಗತಿ ಬಂತು. ನನ್ನ ಉತ್ತರದ ಮುಕ್ಕಾಲು ಭಾಗ ಇಲ್ಲೇ ಇದೆ.

ನಿಮ್ಮ ಕೆಲಸದ ಭಾಷೆಯಲ್ಲೇ ಹೇಳುತ್ತೇನೆ. ನಮ್ಮ ತಂದೆ ಒಂದು ಸೊಸೈಟಿಯಲ್ಲಿ ಲೆಕ್ಕ ಬರೆಯುತ್ತಿದ್ದರು, ಹಾಗಾಗಿ ಸಂಜೆಯ ಆ ಗಡಿಬಿಡಿ ನನಗೆ ಸ್ವಲ್ಪ ಗೊತ್ತು. ಕ್ಯಾಷ್ ಟ್ಯಾಲಿ ಆಗದಿದ್ದರೆ ನೀವು ಏನು ಮಾಡುತ್ತೀರಿ? ಕಟ್ಟುಗಳನ್ನು ಇನ್ನೊಂದು ಸಲ ಎಣಿಸುತ್ತೀರಿ. ವೋಚರ್‌ಗಳನ್ನು ಒಂದೊಂದಾಗಿ ತಿರುಗಿಸುತ್ತೀರಿ. ವ್ಯತ್ಯಾಸ ಎಷ್ಟು ಅಂತ ನೋಡುತ್ತೀರಿ. ಅದು ಒಂಬತ್ತರಿಂದ ಭಾಗವಾದರೆ ಎಲ್ಲೋ ಅಂಕಿ ಅದಲುಬದಲಾಗಿದೆ, 540 ಬರೆಯುವ ಕಡೆ 450 ಬಿದ್ದಿದೆ ಅಂತ ಅನುಮಾನ ಬರುತ್ತೆ. ಆ ವೋಚರ್ ಹುಡುಕುತ್ತೀರಿ, ತಿದ್ದುತ್ತೀರಿ, ಬೀಗ ಹಾಕಿ ಮನೆಗೆ ಬರುತ್ತೀರಿ. ನೋಟಿನ ಕಟ್ಟು ಮುಂದಿಟ್ಟುಕೊಂಡು "ನಾನ್ಯಾಕೆ ಹೀಗೆ, ಕ್ಯಾಷಿಯರ್ ಆಗೋ ಯೋಗ್ಯತೆಯೇ ಇಲ್ಲ ನನಗೆ" ಅಂತ ಅಳುತ್ತಾ ಕೂತರೆ 90 ರೂಪಾಯಿ ಸಿಗುವುದಿಲ್ಲ, ಅಲ್ವಾ? ಮನೆಯ ಲೆಕ್ಕಕ್ಕೆ ಬಂದಾಗ ಮಾತ್ರ ನೀವು ವೋಚರನ್ನು ಮುಟ್ಟುವುದೇ ಇಲ್ಲ. ನೇರವಾಗಿ ಕ್ಯಾಷಿಯರ್ ಮೇಲೆ ಎನ್‌ಕ್ವೈರಿ ಹಾಕುತ್ತೀರಿ. ಪ್ರತಿ ರಾತ್ರಿ.

ನನ್ನ ಬಳಿ ಬರುವವರು ಇದನ್ನು ಬೇರೆ ಬೇರೆ ಮಾತಿನಲ್ಲಿ ಹೇಳುತ್ತಾರೆ. "ತಲೇಲಿ ಅದೇ ಓಡ್ತಿರುತ್ತೆ", "ಕೊರೀತಾ ಇರುತ್ತೆ", "ಅಲ್ಲೇ ಗಿರಕಿ ಹೊಡೀತೀನಿ". ಕೊರಗು ಅನ್ನುವ ನಮ್ಮ ಹಳೇ ಮಾತೂ ಇದೆ. ಕೊರಗಿಗೂ ಆತ್ಮಾವಲೋಕನಕ್ಕೂ ಹೊರಗಿನಿಂದ ವ್ಯತ್ಯಾಸ ಕಾಣುವುದಿಲ್ಲ. ಎರಡರಲ್ಲೂ ಮನುಷ್ಯ ಒಬ್ಬನೇ ಕೂತು ತನ್ನ ಬಗ್ಗೆ ಯೋಚಿಸುತ್ತಿರುತ್ತಾನೆ. ಒಳಗೆ ನಡೆಯುವುದು ಮಾತ್ರ ಬೇರೆ.

ಸೂಸನ್ ನೋಲನ್-ಹೋಕ್ಸೆಮಾ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞೆ ಜೀವನಪೂರ್ತಿ ಈ ಕೊರಗನ್ನೇ ಅಧ್ಯಯನ ಮಾಡಿದರು. 1989ರ ಅಕ್ಟೋಬರಿನಲ್ಲಿ ಅವರು ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಗಳಿಗೆ ಒಂದು ಪ್ರಶ್ನಾವಳಿ ಕೊಟ್ಟಿದ್ದರು. ಬೇಜಾರಾದಾಗ ನೀವು ಏನು ಮಾಡುತ್ತೀರಿ, ಅದನ್ನೇ ಮತ್ತೆ ಮತ್ತೆ ಯೋಚಿಸುತ್ತೀರಾ ಅಂತ. ಎರಡು ವಾರ ಆಗಿತ್ತೋ ಇಲ್ಲವೋ, ಅಲ್ಲಿ ದೊಡ್ಡ ಭೂಕಂಪ ಆಯಿತು. ಲೋಮಾ ಪ್ರಿಯೆಟಾ ಭೂಕಂಪ ಅನ್ನುತ್ತಾರೆ. ಹತ್ತು ದಿನ ಬಿಟ್ಟು ಒಮ್ಮೆ, ಏಳು ವಾರ ಬಿಟ್ಟು ಇನ್ನೊಮ್ಮೆ ಅದೇ ವಿದ್ಯಾರ್ಥಿಗಳನ್ನು ನೋಡಿದರು. ಮೊದಲೇ ಕೊರಗುವ ಅಭ್ಯಾಸ ಇದ್ದವರಲ್ಲಿ ಖಿನ್ನತೆ ಜಾಸ್ತಿ ಕಂಡಿತು. ನೆಲ ಎಲ್ಲರ ಕಾಲಡಿಯಲ್ಲೂ ನಡುಗಿತ್ತು. ಕೆಲವರಿಗೆ ಅದು ನಿಂತಿತು, ಕೆಲವರ ಒಳಗೆ ನಡುಗುತ್ತಲೇ ಇತ್ತು.

ಈಗ ನಿಮ್ಮ ಎರಡನೇ ಪ್ರಶ್ನೆ, ಆ 'ಯಾಕೆ'. ಒಳಗೆ ಅಗೆದಷ್ಟೂ ಸತ್ಯ ಸಿಗುತ್ತೆ ಅನ್ನುವ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ನಂಬಿದ್ದೆ. 1977ರಲ್ಲಿ ರಿಚರ್ಡ್ ನಿಸ್ಬೆಟ್, ತಿಮೋತಿ ವಿಲ್ಸನ್ ಅನ್ನುವ ಇಬ್ಬರು ಪ್ರಕಟಿಸಿದ ಒಂದು ಲೇಖನ ಈ ನಂಬಿಕೆಯನ್ನು ಅಲ್ಲಾಡಿಸಿತು. ಅದರಲ್ಲಿ ಬರುವ ಒಂದು ಪ್ರಯೋಗ ಹೀಗಿದೆ. ಅಂಗಡಿಯಲ್ಲಿ ಹೆಂಗಸರ ಕಾಲುಚೀಲ ನಾಲ್ಕು ಜೊತೆ ಸಾಲಾಗಿ ಇಟ್ಟರು. ಯಾವುದು ಚೆನ್ನಾಗಿದೆ ಅಂತ ಬಂದವರನ್ನು ಕೇಳಿದರು. ಜಾಸ್ತಿ ಜನ ಬಲಗಡೆ ತುದಿಯದನ್ನೇ ಆರಿಸಿದರು. ಯಾಕೆ ಅಂದರೆ ನೇಯ್ಗೆ ಚೆನ್ನಾಗಿದೆ, ಬಟ್ಟೆ ನಯ ಇದೆ ಅಂತೆಲ್ಲ ಕಾರಣ ಕೊಟ್ಟರು. ನಿಜ ಏನೆಂದರೆ ನಾಲ್ಕೂ ಒಂದೇ ಮಾಲು! ಇಟ್ಟ ಜಾಗದಿಂದ ಹಾಗಾಗಿರಬಹುದಾ ಅಂತ ಕೇಳಿದರೆ ಸಾಮಾನ್ಯವಾಗಿ ಯಾರೂ ಒಪ್ಪಲಿಲ್ಲ.

ಅವರು ಸುಳ್ಳು ಹೇಳುತ್ತಿರಲಿಲ್ಲ. 'ಯಾಕೆ' ಅಂತ ಕೇಳಿದಾಗ ಮನಸ್ಸು ಖಾಲಿ ಕೈ ತೋರಿಸುವುದಿಲ್ಲ. ಹತ್ತಿರದಲ್ಲಿ ಏನು ಸಿಗುತ್ತೋ ಅದನ್ನೇ ಉತ್ತರ ಅಂತ ಕೊಟ್ಟುಬಿಡುತ್ತೆ. ರಾತ್ರಿ ಹನ್ನೊಂದೂವರೆಗೆ, ಅಳು ಬರುವ ಹೊತ್ತಿನಲ್ಲಿ, ನಿಮ್ಮ ಮನಸ್ಸಿನ ಹತ್ತಿರ ಏನಿರುತ್ತೆ? ಅಮ್ಮನ ನೆನಪು, ನನ್ನ ಗುಣವೇ ಸರಿಯಿಲ್ಲ ಅನ್ನುವ ಹಳೇ ಮಾತು. ಅದೇ ಕೈಗೆ ಬರುತ್ತೆ. ದೋಸೆ ಕಾವಲಿಯೂ ವ್ಯಾನಿನ ಹಾರ್ನೂ ಆ ಹೊತ್ತಿಗೆ ನೆನಪಿಗೇ ಬರುವುದಿಲ್ಲ. ಅದಕ್ಕೇ ನಾನು ನನ್ನ ಕೋಣೆಯಲ್ಲಿ 'ಯಾಕೆ' ಅನ್ನುವ ಪದವನ್ನು ಆದಷ್ಟು ಕಮ್ಮಿ ಬಳಸುತ್ತೇನೆ. ಏನಾಯಿತು, ಎಷ್ಟು ಹೊತ್ತಿಗೆ, ಅದಕ್ಕೆ ಮುಂಚೆ ಏನಿತ್ತು, ಆಮೇಲೆ ಏನು ಮಾಡಿದಿರಿ ಅಂತ ಕೇಳುತ್ತೇನೆ. ಎಕ್ಸಿಟರ್ ವಿಶ್ವವಿದ್ಯಾಲಯದ ಎಡ್ವರ್ಡ್ ವಾಟ್ಕಿನ್ಸ್ ಕೊರಗಿಗೆ ಅಂತಲೇ ರೂಪಿಸಿದ ಚಿಕಿತ್ಸೆಯಲ್ಲಿ ಒಂದು ಮುಖ್ಯ ಕೆಲಸ ಇದೇ. ಗಾಳಿಯಲ್ಲಿ ತೇಲುವ ಪ್ರಶ್ನೆಯನ್ನು ನೆಲಕ್ಕೆ ಇಳಿಸುವುದು.

ಇನ್ನೊಂದು ತಪ್ಪು ತಿಳಿವಳಿಕೆ: ನೋವಾಗುತ್ತಿದೆ ಅಂದರೆ ಔಷಧಿ ಕೆಲಸ ಮಾಡುತ್ತಿದೆ. ಇದರಲ್ಲಿ ಅರ್ಧ ನಿಜ ಇರುವುದರಿಂದಲೇ ಅಪಾಯ ಜಾಸ್ತಿ. ಜೇಮ್ಸ್ ಪೆನ್ನಿಬೇಕರ್ ಅನ್ನುವವರು 1986ರಲ್ಲಿ ಪ್ರಕಟಿಸಿದ ಅಧ್ಯಯನ ಬರವಣಿಗೆಯ ಬಗ್ಗೆ ಮಾತಾಡುವವರೆಲ್ಲ ಎತ್ತುವ ಅಧ್ಯಯನ. ಮನಸ್ಸಿಗೆ ಪೆಟ್ಟಾದ ಘಟನೆಯ ಬಗ್ಗೆ ವಿದ್ಯಾರ್ಥಿಗಳು ಬರೆದರು. ಬರೆದ ತಕ್ಷಣ ಅವರಿಗೆ ಬೇಜಾರು ಜಾಸ್ತಿಯೇ ಆಯಿತು. ಆದರೆ ಮುಂದಿನ ತಿಂಗಳುಗಳಲ್ಲಿ, ನಡೆದದ್ದನ್ನೂ ಅನ್ನಿಸಿದ್ದನ್ನೂ ಎರಡನ್ನೂ ಸೇರಿಸಿ ಬರೆದವರು ಕಾಲೇಜಿನ ಆಸ್ಪತ್ರೆಗೆ ಹೋಗುವುದು ಕಮ್ಮಿ ಆಯಿತು. ವಿಡಿಯೋಗಳಲ್ಲಿ ಇಷ್ಟು ಹೇಳುತ್ತಾರೆ. ಹೇಳದೇ ಬಿಡುವುದು ಏನೆಂದರೆ, ಅವರು ಬರೆದದ್ದು ದಿನಕ್ಕೆ 15 ನಿಮಿಷದಂತೆ ಸಾಲಾಗಿ ನಾಲ್ಕೇ ದಿನ. ಒಂದೂವರೆ ವರ್ಷ ಅಲ್ಲ! ಆಮೇಲಿನ ವರ್ಷಗಳಲ್ಲಿ ಅವರ ತಂಡ ಅಂಥ ಬರಹಗಳ ಪದಗಳನ್ನೇ ಎಣಿಸಿ ನೋಡಿತು. ದಿನದಿಂದ ದಿನಕ್ಕೆ ಕಥೆ ಬದಲಾಗುತ್ತಾ, 'ಅದಕ್ಕೇ ಹೀಗಾಯಿತು', 'ಈಗ ತಿಳೀತು' ಅನ್ನುವಂಥ ಮಾತುಗಳು ಹೆಚ್ಚುತ್ತಾ ಹೋದವರಿಗೆ ಲಾಭ ಕಂಡಿತ್ತು. ನಿಮ್ಮ ಮೂರು ಡೈರಿಗಳಲ್ಲಿ ಎಷ್ಟು ಪುಟ ನೀವು ಕಳಿಸಿದ ಪುಟದ ಹಾಗೇ ಇವೆ ಅಂತ ನಾನು ಊಹಿಸಬಲ್ಲೆ.

ಯಜಮಾನರ 'ಬಿಟ್ಹಾಕು' ಸಲಹೆಗೆ ಬರೋಣ. ಪ್ರೀತಿಯಿಂದಲೇ ಹೇಳಿದ್ದಾರೆ, ಆದರೆ ಅದರಿಂದ ಉಪಯೋಗವಿಲ್ಲ. ಔಷಧಿ ಕುಡಿಯುವಾಗ ಕೋತಿಯನ್ನು ನೆನೆಯಬೇಡ ಅಂದ ವೈದ್ಯನ ಕಥೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಲೋಟ ಎತ್ತಿದಾಗಲೆಲ್ಲ ಕೋತಿ ಬಂದು ಕೂತಿತಂತೆ. 1987ರಲ್ಲಿ ಡ್ಯಾನಿಯಲ್ ವೆಗ್ನರ್ ಅನ್ನುವ ಮನಶ್ಶಾಸ್ತ್ರಜ್ಞರು ಇದನ್ನೇ ಬಿಳಿ ಕರಡಿ ಇಟ್ಟುಕೊಂಡು ಪ್ರಯೋಗ ಮಾಡಿ ತೋರಿಸಿದರು. ಕರಡಿಯನ್ನು ನೆನೆಯಬೇಡಿ ಅಂತ ಹೇಳಿಸಿಕೊಂಡವರಿಗೆ, ಆಮೇಲೆ ನೆನೆಯಬಹುದು ಅಂತ ಬಿಟ್ಟಾಗ ಕರಡಿ ಇನ್ನೂ ಜಾಸ್ತಿ ಬಂತು. ನಮ್ಮ ಅಜ್ಜಿಯರಿಗೆ ಲ್ಯಾಬ್ ಇರಲಿಲ್ಲ, ಅಷ್ಟೇ.

ನಾನೇ ಎಡವಿದ ಒಂದು ಸಂಗತಿ ಹೇಳಿಬಿಡುತ್ತೇನೆ. ತರಬೇತಿಯಲ್ಲಿದ್ದಾಗ ಪ್ರತಿ ಭೇಟಿಯ ಆಮೇಲೆ ನಾವು ಟಿಪ್ಪಣಿ ಬರೆಯಬೇಕಿತ್ತು. ಒಮ್ಮೆ ಒಬ್ಬ ಹುಡುಗ ಅರ್ಧಕ್ಕೇ ಎದ್ದುಹೋದ. ನಾನು ನಾಲ್ಕು ಪುಟ ಬರೆದೆ. ನನ್ನ ಅನುಭವ ಸಾಲದು, ನನ್ನ ದನಿ ಸರಿಯಿಲ್ಲ, ಈ ಕೆಲಸಕ್ಕೆ ನಾನು ಲಾಯಕ್ಕಿಲ್ಲ. ನಮ್ಮ ಮೇಲ್ವಿಚಾರಕಿ ಓದಿ ಕನ್ನಡಕ ತೆಗೆದಿಟ್ಟು ಕೇಳಿದರು: "ನಾಲ್ಕೂ ಪುಟ ನೀನೇ ತುಂಬಿದ್ದೀಯಲ್ಲಮ್ಮ, ಆ ಹುಡುಗ ಎಲ್ಲಿ? ಏಳೋ ಮುಂಚೆ ಕೊನೆಗೆ ಏನಂದ?" ನನಗೆ ನೆನಪೇ ಇರಲಿಲ್ಲ. ನನ್ನನ್ನು ಬೈದುಕೊಳ್ಳುವ ಗಲಾಟೆಯಲ್ಲಿ ಅವನ ಮಾತು ಕೇಳಿಸಿಯೇ ಇರಲಿಲ್ಲ. ಅಷ್ಟು ವಿನಯದಿಂದ ಬರೆದಿದ್ದೇನೆ ಅಂತ ಅಂದುಕೊಂಡಿದ್ದ ಪುಟಗಳಲ್ಲಿ ಇದ್ದದ್ದು ನಾನು ಒಬ್ಬಳೇ. ನಿಮ್ಮ ಪುಟವನ್ನು ಇನ್ನೊಂದು ಸಲ ಓದಿ. ಪುಟ್ಟ ಎಷ್ಟು ಸಾಲಿನಲ್ಲಿದ್ದಾನೆ? ಅವನು ಯಾವುದಕ್ಕೆ ತಡ ಮಾಡಿದ, ಅಳುವಾಗ ಏನಂದ?

ಅದೇ ದಿನವನ್ನು ನನಗೆ ಪತ್ರ ಬರೆದ ಹಾಗೆ ಬರೆದಿದ್ದರೆ ಹೆಚ್ಚುಕಮ್ಮಿ ಹೀಗಿರುತ್ತಿತ್ತೇನೋ. ಕೆಲವು ವಿವರ ನನ್ನ ಊಹೆ, ನಿಮ್ಮವನ್ನು ನೀವು ತುಂಬಿಕೊಳ್ಳಿ:

"ಬೆಳಿಗ್ಗೆ 7:35. ಕಾವಲಿ ಮೇಲೆ ಅತ್ತೆಯ ರಾಗಿ ದೋಸೆ. ಪುಟ್ಟನ ಒಂದು ಸಾಕ್ಸ್ ಸಿಗಲಿಲ್ಲ. ಹುಡುಕು ಅಂದೆ. ಅವನು ಸೋಫಾ ಕೆಳಗೆ ನೋಡುತ್ತಾ ಅಲ್ಲೇ ಸಿಕ್ಕ ಕಾರ್ ಇಟ್ಟುಕೊಂಡು ಆಡಲು ಕೂತ. ಹಾರ್ನ್ ಆಯಿತು. ಕೂಗಿದೆ. ಅವನು 'ಹುಡುಕ್ತಾನೇ ಇದ್ನಲ್ಲಮ್ಮ' ಅಂದ. ಇನ್ನೂ ಜೋರಾಗಿ ಕೂಗಿದೆ. ದೋಸೆ ಸೀದಿತು. ರಾತ್ರಿ ಮಲಗಿದ್ದು ಒಂದಕ್ಕೆ."

ಇದನ್ನು ಓದಿದ ಯಾರಿಗಾದರೂ ನಾಲ್ಕು ಉಪಾಯ ಹೊಳೆಯುತ್ತೆ. ಮೊದಲಿನ ಪುಟ ಓದಿದರೆ ಒಂದೂ ಹೊಳೆಯುವುದಿಲ್ಲ. 'ತಾಳ್ಮೆ ಇಲ್ಲ' ಅನ್ನುವುದಕ್ಕೆ ಮದ್ದಿಲ್ಲ, ಸಾಕ್ಸ್ ಸಿಗದಿದ್ದರೆ ಮದ್ದಿದೆ. ಹಾಗಂತ ಕೂಗಿದ್ದು ಸರಿ ಅಂತ ನಾನು ಹೇಳುತ್ತಿಲ್ಲ. ಮಗು ಅತ್ತಿದೆ, ಅದು ನಿಜ. ಆದರೆ ಒಂದೂವರೆ ವರ್ಷದ ಶಿಕ್ಷೆಯಿಂದ ಆ ಕೂಗು ಒಂದು ದಿನವೂ ಕಮ್ಮಿ ಆಗಿಲ್ಲ ಅಂತ ನೀವೇ ಬರೆದಿದ್ದೀರಿ. ತಡರಾತ್ರಿಯ ಈ ವಿಚಾರಣೆಯಿಂದ ನಿದ್ದೆ ಕೆಟ್ಟು, ಬೆಳಿಗ್ಗೆಯ ರೇಗು ಇನ್ನೂ ಜಾಸ್ತಿ ಆಗಿರಲೂಬಹುದು. ಅಂದರೆ ಡೈರಿಗೆ ಬೇಕಾದ ಮಾಲನ್ನು ಡೈರಿಯೇ ಒದಗಿಸುತ್ತಿದೆ.

ಇನ್ನು ಏನು ಮಾಡಬಹುದು ಅನ್ನುವುದು. ಮೂರು ದಾರಿಗಳಿವೆ, ಮೂರರಲ್ಲೂ ಸಣ್ಣಪುಟ್ಟ ತೊಂದರೆ ಇದೆ.

ಒಂದು, ಮೂರು ವಾರ ಪೂರ್ತಿ ನಿಲ್ಲಿಸುವುದು. ನಿಮ್ಮ ನಿದ್ದೆಯ ಸ್ಥಿತಿ ನೋಡಿದರೆ ನನಗೆ ಇದೇ ಮೊದಲು ಬೇಕು ಅನ್ನಿಸುತ್ತೆ. ತೊಂದರೆ ಏನೆಂದರೆ, ಕಾಗದ ಕಸಿದುಕೊಂಡರೆ ಅದೇ ವಿಚಾರಣೆ ತಲೆಯೊಳಗೆ ಮುಂದುವರಿಯಬಹುದು. ಅದಕ್ಕೆ ಮಲಗುವ ಮುಂಚೆ ಐದು ನಿಮಿಷ ಬೇರೆ ಒಂದು ಚೀಟಿ ಬರೆಯಿರಿ: ನಾಳೆಯ ಕೆಲಸದ ಪಟ್ಟಿ. ಸಾಕ್ಸ್ ಬ್ಯಾಗಿನ ಪಕ್ಕ. ಹಾಲಿನವನಿಗೆ ದುಡ್ಡು. ಅತ್ತೆಯ ಮಾತ್ರೆ ತರಬೇಕು. ಇದು ಸುಮ್ನೆ ಹೇಳುತ್ತಿರುವುದಲ್ಲ. 2018ರಲ್ಲಿ ಅಮೆರಿಕದ ಬೇಲರ್ ವಿಶ್ವವಿದ್ಯಾಲಯದವರು ಪ್ರಕಟಿಸಿದ ಅಧ್ಯಯನದಲ್ಲಿ 57 ಮಂದಿ ಯುವಕ ಯುವತಿಯರು ನಿದ್ರೆಯ ಲ್ಯಾಬಿನಲ್ಲಿ ಮಲಗಿದ್ದರು. ಮುಂದೆ ಮಾಡಬೇಕಾದ್ದನ್ನು ಐದು ನಿಮಿಷ ಬರೆದವರಿಗೆ, ಆಗಲೇ ಮಾಡಿ ಮುಗಿಸಿದ್ದನ್ನು ಬರೆದವರಿಗಿಂತ ಸುಮಾರು 9 ನಿಮಿಷ ಬೇಗ ನಿದ್ದೆ ಹತ್ತಿತು. ಸಣ್ಣ ಅಧ್ಯಯನ, ಅದೇ ಕೊನೆಯ ಮಾತೇನಲ್ಲ. ಆದರೆ ಖರ್ಚಿಲ್ಲ, ಕಳೆದುಕೊಳ್ಳುವುದೂ ಏನಿಲ್ಲ.

ಎರಡು, ಬರೆಯುವ ರೀತಿ ಬದಲಾಯಿಸುವುದು. ಮೂರು ವಾರ ಆದ ಮೇಲೆ, ವಾರಕ್ಕೆ ಒಂದು ಸಲ ಸಾಕು. ಭಾನುವಾರ ಸಂಜೆ ಕಾಫಿ ಹೊತ್ತಿಗೆ, ಹಾಸಿಗೆಯ ಮೇಲೆ ಅಂತೂ ಬೇಡ. ಮೊಬೈಲಿನಲ್ಲಿ 12 ನಿಮಿಷದ ಅಲಾರಂ ಇಡಿ. ಊರಲ್ಲಿಲ್ಲದ ಗೆಳತಿಗೆ ಪತ್ರ ಬರೆದ ಹಾಗೆ ಒಂದೇ ಒಂದು ಘಟನೆ ಬರೆಯಿರಿ. ಅವಳಿಗೆ ನಿಮ್ಮ ಮನೆಯ ದಿನಚರಿ ಗೊತ್ತಿಲ್ಲ, ಅದಕ್ಕೆ ಗಂಟೆ, ಜಾಗ, ಯಾರು ಏನಂದರು, ಎಲ್ಲ ಬೇಕಾಗುತ್ತೆ. 'ನಾನು' ಅನ್ನುವ ಕಡೆ ನಿಮ್ಮ ಹೆಸರನ್ನೇ ಹಾಕಿಕೊಂಡು ಬರೆದರೂ ಆಗುತ್ತೆ. ಮೊದಮೊದಲು ನಗು ಬರುತ್ತೆ, ಬರಲಿ. ಈಥನ್ ಕ್ರಾಸ್, ಓಜ್ಲೆಮ್ ಐಡುಕ್ ಅನ್ನುವ ಸಂಶೋಧಕರು ವರ್ಷಗಟ್ಟಲೆ ಇದನ್ನು ನೋಡಿದ್ದಾರೆ. ತನ್ನನ್ನು ತಾನೇ ಹೆಸರಿಟ್ಟು ಕರೆದು, ಸ್ವಲ್ಪ ದೂರ ನಿಂತು ನೋಡಿದಾಗ ನಾಚಿಕೆಯ ಉರಿ ಕಮ್ಮಿ ಆಗುತ್ತೆ, ನಡೆದದ್ದು ಸ್ಪಷ್ಟ ಕಾಣುತ್ತೆ. ಕೊನೆಯಲ್ಲಿ ಒಂದು ಸಾಲು ಮಾತ್ರ: ಈ ವಾರ ಏನನ್ನು ಬೇರೆ ಥರ ಇಟ್ಟು ನೋಡುತ್ತೇನೆ. 'ಕೂಗಬಾರದು' ಅನ್ನುವುದು ಈ ಸಾಲಿಗೆ ಆಗುವುದಿಲ್ಲ. 'ಏಳು ಗಂಟೆಗೆ ನಿಂತುಕೊಂಡಾದರೂ ಎರಡು ದೋಸೆ ತಿನ್ನುತ್ತೇನೆ' ಅನ್ನುವುದು ಆಗುತ್ತೆ.

ಜಮಾ ಕಾಲಂ ಮರೆಯಬೇಡಿ. ಬರೀ ಖರ್ಚು ಬರೆದ ಪುಸ್ತಕ ಯಾವ ಬ್ಯಾಂಕಿನಲ್ಲೂ ಟ್ಯಾಲಿ ಆಗುವುದಿಲ್ಲ. ವಾರದಲ್ಲಿ ಕೂಗದೇ ಕಳೆದ ಬೆಳಗು ಒಂದಾದರೂ ಇದ್ದಿರುತ್ತೆ. ಅವತ್ತು ಏನು ಬೇರೆ ಇತ್ತು ಅಂತ ಅದನ್ನೂ ಇಷ್ಟೇ ವಿವರವಾಗಿ ಬರೆಯಿರಿ. ಉಪಾಯ ಹೆಚ್ಚಾಗಿ ಆ ದಿನದಲ್ಲೇ ಅಡಗಿರುತ್ತೆ. ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ, ಮಾಡಿ ನೋಡಿದವರು ನಂಬುತ್ತಾರೆ.

ಈ ದಾರಿಯ ತೊಂದರೆಗಳು ಎರಡು. ಮೊದಲ ಕೆಲವು ವಾರ ಸಪ್ಪೆ ಅನ್ನಿಸುತ್ತೆ. ಅಳು ಬರದಿದ್ದರೆ ಬರೆದ ಹಾಗೇ ಆಗಲಿಲ್ಲ ಅನ್ನಿಸುತ್ತೆ. ಇನ್ನೊಂದು, ಇದೂ ಒಂದು ಪರೀಕ್ಷೆ ಆಗಿಬಿಡಬಹುದು. 'ಈ ಭಾನುವಾರ ಬರೆಯಲಿಲ್ಲ, ಇದನ್ನೂ ನೆಟ್ಟಗೆ ಮಾಡಲಿಲ್ಲ' ಅಂತ. ಹಾಗೆ ಅನ್ನಿಸಿದರೆ ಆ ವಾರ ಬಿಡಿ.

ಓದುವ ಹವ್ಯಾಸ ಇರುವವರು ಕೆಲವರು ನೈಕಾನ್ ಬಗ್ಗೆ ಕೇಳುತ್ತಾರೆ. ಯೋಶಿಮೋಟೊ ಇಶಿನ್ ಎಂಬವರು ರೂಪಿಸಿದ ಜಪಾನಿನ ಆತ್ಮಾವಲೋಕನದ ಪದ್ಧತಿ. ಒಬ್ಬ ವ್ಯಕ್ತಿಯನ್ನು ನೆನೆದು ಅವರಿಂದ ನನಗೆ ಏನು ಸಿಕ್ಕಿತು, ನಾನು ಅವರಿಗೆ ಏನು ಕೊಟ್ಟೆ, ನನ್ನಿಂದ ಅವರಿಗೆ ಏನು ತೊಂದರೆ ಆಯಿತು ಅಂತ ಮೂರೇ ಪ್ರಶ್ನೆ. ಅವರಿಂದ ನನಗೇನು ತೊಂದರೆ ಆಯಿತು ಅನ್ನುವುದನ್ನು ಬೇಕಂತಲೇ ಕೇಳುವುದಿಲ್ಲ. ಎಲ್ಲದಕ್ಕೂ ಬೇರೆಯವರನ್ನೇ ದೂರುವ ಮನಸ್ಸಿಗೆ ಇದು ಒಳ್ಳೆಯ ಮದ್ದು. ನಿಮಗೆ ಮಾತ್ರ ಬೇಡ. ನಿಮ್ಮ ತಕ್ಕಡಿ ಈಗಲೇ ಒಂದು ಕಡೆ ವಾಲಿದೆ.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ನಮ್ಮ ಸುತ್ತ 'ನಿನ್ನನ್ನು ನೀನು ತಿದ್ದಿಕೋ' ಅನ್ನುವ ಉಪದೇಶ ಹೆಂಗಸರಿಗೆ ಸ್ವಲ್ಪ ಜಾಸ್ತಿಯೇ ಸಿಗುತ್ತೆ. ಕೆಲವು ತೊಂದರೆಗಳು ನಿಮ್ಮ ಒಳಗೆ ಇರುವುದೇ ಇಲ್ಲ, ಮನೆಯ ಟೈಮ್‌ಟೇಬಲ್ಲಿನಲ್ಲಿ ಇರುತ್ತವೆ. ಆರೂವರೆಯಿಂದ ಎಂಟರವರೆಗಿನ ವಾಕಿಂಗ್ ಬಗ್ಗೆ ನೀವು ಒಂದೇ ಸಾಲು ಬರೆದು ಮುಂದೆ ಹೋಗಿದ್ದೀರಿ. ನಾನು ಅಲ್ಲೇ ನಿಂತೆ. ಆ ವಾಕಿಂಗ್ ಸಂಜೆಗೆ ಹೋದರೆ, ಅಥವಾ ಏಳಕ್ಕೆ ಮುಗಿದರೆ, ನಿಮ್ಮ 'ಗುಣ' ಎಷ್ಟು ಬದಲಾಗುತ್ತೆ ನೋಡಿ. ಎಷ್ಟು ಆತ್ಮಾವಲೋಕನ ಮಾಡಿದರೂ ಎರಡು ಕೈ ನಾಲ್ಕಾಗುವುದಿಲ್ಲ.

ಮೂರನೇ ದಾರಿಗೆ ಅದೇ ಬಾಗಿಲು. ಒಬ್ಬರನ್ನು ಕೇಳುವುದು. ನಮ್ಮ ಬೆನ್ನು ನಮಗೆ ಕಾಣುವುದಿಲ್ಲ, ಪಕ್ಕದಲ್ಲಿ ಇರುವವರಿಗೆ ಕಾಣುತ್ತೆ. ಆದರೆ ಪ್ರಶ್ನೆ ಮುಖ್ಯ. "ನಾನು ಕೆಟ್ಟ ಅಮ್ಮನಾ ರೀ?" ಅಂದರೆ "ಛೆ, ಇಲ್ಲ" ಅನ್ನುವ ಸಮಾಧಾನ ಸಿಗುತ್ತೆ, ಹತ್ತು ನಿಮಿಷ ಬಾಳಿಕೆ ಬರುತ್ತೆ. "ನಾನು ಕೂಗೋ ಮುಂಚೆ ಹೇಗಿರ್ತೀನಿ? ನಿಮಗೆ ಮೊದಲೇ ಗೊತ್ತಾಗುತ್ತಾ?" ಅಂತ ಕೇಳಿ. ಪಾತ್ರೆ ಜೋರಾಗಿ ಇಡುತ್ತೀಯ, ಮಾತು ನಿಲ್ಲಿಸುತ್ತೀಯ, ಹೀಗೆ ಏನಾದರೂ ಹೇಳುತ್ತಾರೆ. ಅದು ಕೆಲಸಕ್ಕೆ ಬರುವ ಮಾಹಿತಿ. ಯಾರನ್ನು ಕೇಳಬಾರದು ಅಂದರೆ, ನಿಮ್ಮ ಮಾತನ್ನು ಇನ್ನೊಂದು ಜಗಳದಲ್ಲಿ ನಿಮಗೇ ತಿರುಗಿಸುವವರನ್ನು. ಫೋನಿನಲ್ಲಿ ಗಂಟೆಗಟ್ಟಲೆ ಅದೇ ದುಃಖವನ್ನು ನಿಮ್ಮ ಜೊತೆ ಸೇರಿ ಕಡೆಯುವ ಗೆಳತಿಯೂ ಬೇಡ. ಕೊರಗು ಇಬ್ಬರಾದರೂ ಕೊರಗೇ.

ಪುಟ್ಟನ ಹತ್ತಿರ ಮಾತ್ರ ಸಂಜೆ ಚಿಕ್ಕದಾಗಿ ಮಾತಾಡಿ. "ಬೆಳಿಗ್ಗೆ ಜೋರಾಗಿ ಕೂಗಿಬಿಟ್ಟೆ, ತಪ್ಪಾಯ್ತು ಕಣೋ. ನಾಳೆ ಸಾಕ್ಸ್ ರಾತ್ರೀನೇ ತೆಗೆದಿಡೋಣ." ಅಷ್ಟು ಸಾಕು. ಅವನ ಮುಂದೆ ಅಳುತ್ತಾ ಕೂತರೆ ಏಳು ವರ್ಷದ ಮಗು ಅಮ್ಮನನ್ನು ಸಮಾಧಾನ ಮಾಡುವ ಕೆಲಸಕ್ಕೆ ಇಳಿಯುತ್ತೆ. ಅದು ಅವನ ಕೆಲಸವಲ್ಲ.

ಈಗ ನಾನು ಸ್ವಲ್ಪ ಗಂಭೀರವಾಗಿ ಹೇಳುವ ಭಾಗ. ನಿಮ್ಮ ಪುಟದಲ್ಲಿ ಅಮ್ಮ ಹೊಡೆಯುತ್ತಿದ್ದ ಮಾತು ಅರ್ಧ ಸಾಲಿನಲ್ಲಿ ಬಂದಿದೆ. ಅದನ್ನು ರಾತ್ರಿ ಒಬ್ಬರೇ ಕೂತು ಬರೆಯುತ್ತಾ ಬಿಚ್ಚಬೇಡಿ. ಹಳೇ ಗಾಯವನ್ನು ಬಿಚ್ಚುವಾಗ ಎದುರಿಗೆ ಒಬ್ಬರು ಇರಬೇಕು. ಎರಡು ವಾರಕ್ಕಿಂತ ಹೆಚ್ಚು ಕಾಲ ದಿನದ ಬಹುಪಾಲು ಮನಸ್ಸು ಕುಗ್ಗಿಯೇ ಇದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ಊಟ ನಿದ್ದೆ ಕೆಟ್ಟಿದ್ದರೆ ಅದು ಡೈರಿ ಸರಿಪಡಿಸುವ ವಿಷಯ ಅಲ್ಲ, ಖಿನ್ನತೆ ಇರಬಹುದು. ಬರೆಯದಿದ್ದರೆ ಏನೋ ಕೇಡಾಗುತ್ತೆ ಅನ್ನುವ ಭಯ, ಬರೆದದ್ದನ್ನೇ ಸರಿಯಾಗುವವರೆಗೆ ಮತ್ತೆ ಮತ್ತೆ ಬರೆಯಬೇಕೆನ್ನುವ ಒತ್ತಾಯ ಇದ್ದರೆ ಅದು ಗೀಳಿನ ಲಕ್ಷಣ ಆಗಿರಬಹುದು. ಅದಕ್ಕೆ ಚಿಕಿತ್ಸೆ ಬೇರೆ. ಸಿಡುಕು, ಸುಸ್ತು ಇಷ್ಟಿರುವಾಗ ಥೈರಾಯ್ಡ್, ಹಿಮೋಗ್ಲೋಬಿನ್ ಎರಡನ್ನೂ ಒಮ್ಮೆ ಪರೀಕ್ಷೆ ಮಾಡಿಸಿ. ತಾಳ್ಮೆ ಇಲ್ಲ ಅಂತ ಬೈದುಕೊಂಡು ಬಂದವರಲ್ಲಿ ರಕ್ತ ಕಮ್ಮಿ ಇದ್ದದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ನೋಡುವ 'ಮನೋಚೈತನ್ಯ' ಅನ್ನುವ ಕಾರ್ಯಕ್ರಮ ನಮ್ಮ ರಾಜ್ಯದಲ್ಲಿದೆ. ನಿಮ್ಮ ಊರಿನ ಆಸ್ಪತ್ರೆಯಲ್ಲಿ ವಿಚಾರಿಸಿ. ಹೋಗಲು ಸಂಕೋಚ ಅನ್ನಿಸಿದರೆ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ. ದಿನದ 24 ಗಂಟೆಯೂ ಇದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. 'ಯೋಗ್ಯತೆ ಇಲ್ಲ' ಅನ್ನುವ ಮಾತು 'ನಾನು ಇಲ್ಲದಿದ್ದರೇ ಚೆನ್ನ' ಅನ್ನುವ ಕಡೆಗೆ ಒಂದು ರಾತ್ರಿಯಾದರೂ ತಿರುಗಿದ್ದರೆ, ಮೂರು ವಾರವೆಲ್ಲ ಕಾಯಬೇಡಿ. ಅವತ್ತೇ ಆ ನಂಬರಿಗೆ ಫೋನ್ ಮಾಡಿ, ಯಜಮಾನರನ್ನೂ ಎಬ್ಬಿಸಿ ಹೇಳಿ.

ಕೊನೆಗೆ ಆ ಮೂರು ಡೈರಿಗಳು. ಸುಡುವುದು ಬೇಡ, ಹರಿಯುವುದೂ ಬೇಡ. ಅದಕ್ಕೆಲ್ಲ ದೊಡ್ಡ ಶಾಸ್ತ್ರ ಮಾಡಿದರೆ ಅವುಗಳ ತೂಕ ಇನ್ನೂ ಜಾಸ್ತಿ ಆಗುತ್ತೆ. ಈಗ ಓದಲೂ ಬೇಡಿ. ಹಳೇ ಪಾಸ್‌ಬುಕ್ಕು, ಕರೆಂಟ್ ಬಿಲ್ಲುಗಳ ಜೊತೆ ಒಂದು ಚೀಲಕ್ಕೆ ಹಾಕಿ ಅಟ್ಟದ ಮೇಲೆ ಇಟ್ಟುಬಿಡಿ. ಯುಗಾದಿಗೆ ಮನೆ ತೊಳೆಯುವಾಗ ಕೈಗೆ ಸಿಕ್ಕರೆ, ಹಗಲು ಹೊತ್ತಿನಲ್ಲಿ, ತಿಂಡಿ ತಿಂದ ಮೇಲೆ ಎರಡು ಪುಟ ತಿರುಗಿಸಿ ನೋಡಿ. ಅಷ್ಟರಲ್ಲಿ ಆ ಸಾಕ್ಸಿನ ಇನ್ನೊಂದು ಕಾಲೂ ಅಲ್ಲೇ ಎಲ್ಲೋ ಸಿಕ್ಕಿರುತ್ತೆ.